ಮನೆ ಸರ್ವೆಗೆ ಯಾವುದು? ಗೂಗಲ್ ಫಾರ್ಮ್, ಕೋಬೊ, ಓಡಿಕೆ ಸೆಂಟ್ರಲ್, ಸ್ವಂತ ಜಾಂಗೊ

ಹೊಸನಗರದ ನಗರ ಹೋಬಳಿ, ಸಾಗರದ ಕರೂರು–ಬಾರಂಗಿ, ತೀರ್ಥಹಳ್ಳಿಯ ಆಗುಂಬೆ ಕಡೆ ಊರು ಅಂದರೆ ಒಂದು ಬೀದಿಯಲ್ಲ. ತೋಟದಾಚೆ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಟವರ್ ಸಿಗುವುದು ನಡುವಿನ ಯಾವುದೋ ದಿಬ್ಬದ ಮೇಲೆ. ಇಂಥ ಕಡೆ ಪಂಚಾಯಿತಿಯ ಮನೆ ಸರ್ವೆಗೆ ನಾಲ್ಕು ವ್ಯವಸ್ಥೆ ಹೋಲಿಸಿದೆವು: ಗೂಗಲ್ ಫಾರ್ಮ್, ಕೋಬೊ ಮತ್ತು ಓಡಿಕೆ ಸೆಂಟ್ರಲ್ (ಎರಡೂ ಫೋನಿನಲ್ಲಿ ಸರ್ವೆ ತುಂಬುವ ಸಿದ್ಧ ವ್ಯವಸ್ಥೆಗಳು), ಜಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ನಾವೇ ಬರೆದ ಆ್ಯಪ್. ನಾಲ್ಕನ್ನೂ ಮೊದಲು ಅಳೆದದ್ದು ಒಂದೇ ಪ್ರಶ್ನೆಯಿಂದ: ಬೆಳಿಗ್ಗೆ ತುಂಬಿದ ಫಾರ್ಮು ಸಂಜೆ ನೆಟ್‌ವರ್ಕ್ ಸಿಗುವ ತನಕ ಫೋನಿನಲ್ಲಿ ಸುರಕ್ಷಿತವಾಗಿ ಕೂತಿರುತ್ತದಾ? ನಾಲ್ಕರಲ್ಲೂ ಕಟ್ಟಿದ್ದು ಒಂದೇ ನಮೂನೆ: ಸುಮಾರು 40 ಪ್ರಶ್ನೆ, ಎರಡು ಫೋಟೊ, ಒಂದು ಜಿಪಿಎಸ್ ಬಿಂದು.

ಇದು ಪಂಚಾಯಿತಿ ತನ್ನ ಬಳಕೆಗೆ ಮಾಡಿಕೊಳ್ಳುವ ಪಟ್ಟಿಯ ಮಾತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಅರ್ಹತೆ ತೀರ್ಮಾನವಾಗುವುದು ಆವಾಸ್ ಪ್ಲಸ್ ಆ್ಯಪ್‌ನಲ್ಲಿ, ರಾಜ್ಯದ ಯೋಜನೆಗಳದ್ದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ತಂತ್ರಾಂಶದಲ್ಲಿ. ನಮ್ಮ ಪಟ್ಟಿ ಅವುಗಳ ಬದಲಿಯಲ್ಲ. ಗ್ರಾಮ ಸಭೆಗೆ ಮೊದಲು ಯಾರ ಮನೆ ಯಾವ ಸ್ಥಿತಿಯಲ್ಲಿದೆ ಎಂದು ಕೈಯಲ್ಲಿರಲಿ ಎಂಬುದಕ್ಕೆ ಅಷ್ಟೇ.

ಗೂಗಲ್ ಫಾರ್ಮ್ ಬಗ್ಗೆ ಹೆಚ್ಚು ಹೇಳುವುದೇ ಬೇಡ. ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ, ಆದರೆ ನೆಟ್ ಇಲ್ಲದ ಕಡೆ ಸಬ್‌ಮಿಟ್ ಆಗುವುದಿಲ್ಲ, ಜಿಪಿಎಸ್ ಹಿಡಿಯುವ ಪ್ರಶ್ನೆಯೇ ಅದರಲ್ಲಿಲ್ಲ, ಫೋಟೊ ಏರಿಸಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು. ಪಂಚಾಯಿತಿ ಕಚೇರಿಯಲ್ಲಿ ಕೂತು ಅರ್ಜಿ ನಮೂದಿಸಲು ಸಾಕು. ಅದರಾಚೆ ಇಲ್ಲ.

ಕೋಬೊ ಟೂಲ್‌ಬಾಕ್ಸ್ ಹಾಗಲ್ಲ. ಇದರ ಕೋಬೊ ಕಲೆಕ್ಟ್ ಆ್ಯಪ್ ಓಡಿಕೆಯ ಫೋನ್ ಆ್ಯಪ್ ಆದ ಓಡಿಕೆ ಕಲೆಕ್ಟ್‌ನಿಂದಲೇ ಬಂದದ್ದು, ಆಫ್‌ಲೈನ್ ಗಟ್ಟಿ. ಬ್ರೌಸರಿನಲ್ಲೇ ಪ್ರಶ್ನೆ ಜೋಡಿಸಬಹುದು, ಸರ್ವರ್ ನೋಡಿಕೊಳ್ಳುವ ತಾಪತ್ರಯ ಇಲ್ಲ. ತೊಡಕು ಎರಡು. ಉಚಿತ ಖಾತೆಗೆ ದಾಖಲೆಗಳಿಗೂ ಜಾಗಕ್ಕೂ ಮಿತಿಯಿದೆ. ಮನೆಗೆ ಎರಡು ಫೋಟೊದಂತೆ, ಒಂದೊಂದು 200 ಕೆಬಿ ಇದ್ದರೂ, ಒಂದು ಜಿಬಿ ಸುಮಾರು 2,500 ಮನೆಗೆ ಖಾಲಿ. ಫೋಟೊ ಕುಗ್ಗಿಸದೆ 4 ಎಂಬಿಯಂತೆ ಬಿಟ್ಟರೆ 125 ಮನೆಗೇ ಮುಗಿಯಿತು. ಎರಡನೆಯದು ದೊಡ್ಡದು: ಅವರ ಸಾರ್ವಜನಿಕ ಸರ್ವರ್ ಹೊರದೇಶದಲ್ಲಿದೆ. ಕುಟುಂಬದ ಹೆಸರು, ಜಾತಿ, ಮನೆಯ ಫೋಟೊ ಅಲ್ಲಿ ಹೋಗಿ ಕೂರುವುದನ್ನು ಸರ್ಕಾರಿ ಕಡತದಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ. ಸ್ವಂತ ಸರ್ವರಿಗೆ ಹಾಕಿಕೊಳ್ಳಬಹುದು ಅನ್ನಿ. ಆಗ ಪೋಸ್ಟ್‌ಗ್ರೆಸ್, ಮಾಂಗೊ, ರೆಡಿಸ್ ಎಂಬ ಮೂರು ಡೇಟಾಬೇಸನ್ನೂ ಸಾಕಬೇಕು. ಅಷ್ಟು ಕೆಲಸಕ್ಕೆ ಇಳಿಯುವುದಾದರೆ ಓಡಿಕೆ ಸೆಂಟ್ರಲ್ ಹಗುರ.

ಸೆಂಟ್ರಲ್ (ಓಡಿಕೆಯ ಸರ್ವರ್ ಭಾಗ) ಕೂರಿಸಲು ಉಬುಂಟು (ಲಿನಕ್ಸ್) ಸರ್ವರ್, 2 ಜಿಬಿ ರ‍್ಯಾಮ್, ಒಂದು ಡೊಮೈನ್ ಹೆಸರು, ತಂತ್ರಾಂಶಗಳನ್ನು ಡಬ್ಬಿಯಂತೆ ಕಟ್ಟಿ ನಡೆಸುವ ಡಾಕರ್ ಬೇಕು. ಗಿಟ್‌ನಿಂದ ಕೋಡ್ ಕ್ಲೋನ್ ಮಾಡಿದ (ನಕಲಿಳಿಸಿದ) ಮೇಲೆ ಅದರೊಳಗಿನ ಉಪ-ಕೋಡ್ ಆದ ಸಬ್‌ಮಾಡ್ಯೂಲ್ ಅಪ್‌ಡೇಟ್ ಮಾಡುವುದನ್ನು ಮರೆಯಬಾರದು. ಮರೆತರೆ ಸರ್ವರ್, ಕ್ಲೈಂಟ್ ಎರಡೂ ಫೋಲ್ಡರ್ ಖಾಲಿ ಉಳಿದು ಬಿಲ್ಡ್ (ಕೋಡಿನಿಂದ ತಂತ್ರಾಂಶ ಕಟ್ಟುವುದು) ಮುರಿಯುತ್ತದೆ. ಆಮೇಲೆ ಸೆಟ್ಟಿಂಗ್ ಇರುವ ಎನ್ವ್ (.env) ಕಡತದಲ್ಲಿ ಡೊಮೈನ್ ಮತ್ತು ಇಮೇಲ್ ತುಂಬಿ, ಡಾಕರ್ ಕಂಪೋಸ್ ಬಿಲ್ಡ್ ಆದೇಶ, ನಂತರ ಚಾಲೂ ಮಾಡುವ ಅಪ್ ಆದೇಶ. 1 ಜಿಬಿ ಯಂತ್ರದಲ್ಲಿ ಬಿಲ್ಡ್ ನಡುವೆಯೇ ಸಾಯುತ್ತದೆ, ಸ್ವಾಪ್ (ಡಿಸ್ಕಿನಲ್ಲಿ ಹೆಚ್ಚುವರಿ ಮೆಮೊರಿ) ಹಾಕಬೇಕು. ಡಿಎನ್ಎಸ್ (ಡೊಮೈನ್ ಹೆಸರಿನ ವಿಳಾಸ ಪಟ್ಟಿ) ಸರ್ವರಿನ ಕಡೆ ತಿರುಗುವ ಮೊದಲೇ ಚಾಲೂ ಮಾಡಿದರೆ ಭದ್ರ ಸಂಪರ್ಕಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಸಿಗದು. ಗಂಟೆಗೆ ಐದು ಸಲ ಸೋತರೆ ಬಾಗಿಲು ಹಾಕಿಕೊಳ್ಳುತ್ತದೆ, ಕಾಯಬೇಕು. 443 (ಭದ್ರ ವೆಬ್) ಜತೆ 80ನೇ (ಸಾದಾ ವೆಬ್) ಪೋರ್ಟ್ ಕೂಡ ತೆರೆದಿರಲಿ. ಬಹುತೇಕ ಕ್ಲೌಡ್‌ಗಳಲ್ಲಿ ಇಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿರುವುದರಿಂದ ಪಾಸ್‌ವರ್ಡ್ ಇಮೇಲ್ ಬರುವುದಿಲ್ಲ. ಮೊದಲ ಬಳಕೆದಾರನನ್ನು ಕಮಾಂಡ್ ಲೈನಿನಲ್ಲೇ ಸೃಷ್ಟಿಸಿ, ಅಡ್ಮಿನ್ ಮಾಡಬೇಕು. ಡಾಕರ್ ಕಂಪೋಸ್ ಡೌನ್ ಮಾಡುವಾಗ (ನಿಲ್ಲಿಸುವಾಗ) ಆದೇಶದ ಕೊನೆಗೆ -v ಸೇರಿಸಬೇಡಿ. ವಾಲ್ಯೂಮ್ (ಡೇಟಾ ಇರುವ ಜಾಗ) ಅಳಿಸುತ್ತದೆ, ಜತೆಗೆ ಇಡೀ ಸರ್ವೆ.

ನಮೂನೆ ಬರೆಯುವುದು ಎಕ್ಸೆಲ್‌ನಲ್ಲಿ: ಸರ್ವೆ, ಚಾಯ್ಸಸ್, ಸೆಟ್ಟಿಂಗ್ಸ್ ಎಂಬ ಮೂರು ಹಾಳೆ. ಕೋಬೊದ ಎಳೆದು ಜೋಡಿಸುವ ಪರದೆಗಿಂತ ಇದು ಮೊದಲ ದಿನ ತ್ರಾಸು, ಮೂರನೇ ದಿನ ಸುಖ. ಮಲೆನಾಡಿಗೆ ಇಲ್ಲಿ ನಾಲ್ಕು ವಿಷಯ ಮುಖ್ಯ. ಚಾವಣಿಗೆ ಹೆಂಚು, ಸಿಮೆಂಟ್ ಶೀಟ್, ತಗಡು, ಸೋಗೆ, ಆರ್‌ಸಿಸಿ. ಗೋಡೆಗೆ ಕೆಂಪುಕಲ್ಲು, ಇಟ್ಟಿಗೆ, ಮಣ್ಣು, ಅಡಿಕೆ ದಬ್ಬೆ ತಟ್ಟಿ. ಎರಡನ್ನೂ ಬೇರೆ ಬೇರೆಯಾಗಿ ಕೇಳದೆ 'ಕಚ್ಚಾ ಮನೆಯೇ?' ಎಂದು ಒಂದೇ ಪ್ರಶ್ನೆ ಇಟ್ಟರೆ ಹಳೇ ಹೆಂಚಿನ ಮನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಒತ್ತುತ್ತಾರೆ. ಕೊಟ್ಟಿಗೆಯನ್ನು ಮನೆಯ ಅಳತೆಗೆ ಸೇರಿಸಬಾರದು ಎಂಬ ಸೂಚನೆ ಅಳತೆಯ ಪ್ರಶ್ನೆಯ ಕೆಳಗೇ ಇರಲಿ. ಜಾಗದ ದಾಖಲೆಗೆ ನಮೂನೆ 9 ಮತ್ತು 11ಎ (ಪಂಚಾಯಿತಿಯ ಅಧಿಕೃತ ಆಸ್ತಿ ದಾಖಲೆ), ನಮೂನೆ 11ಬಿ (ಅನಧಿಕೃತ ಆಸ್ತಿಯದು), ಹಕ್ಕುಪತ್ರ, 94ಸಿ ಅರ್ಜಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮಕ್ಕೆ), ಅರಣ್ಯ ಹಕ್ಕು, ಯಾವುದೂ ಇಲ್ಲ ಎಂದು ಬಿಡಿಸಿ ಇಡಬೇಕು. ಶರಾವತಿ ಮುಳುಗಡೆಯ ನಂತರ ನೆಲೆಸಿದ ಕುಟುಂಬಗಳ ಕಡೆ ಹೆಚ್ಚಾಗಿ ಈ ಕೊನೆಯ ಮೂರೇ ನಿಜವಾದ ಉತ್ತರ. 'ಇತರೆ' ಎಂದು ಬಿಟ್ಟರೆ ಪಟ್ಟಿಯ ಉಪಯೋಗವೇ ಹೋಯಿತು.

ನಾಲ್ಕನೆಯದು ಜಿಪಿಎಸ್. ಕಲೆಕ್ಟ್ ತಾನಾಗಿ ಬಿಂದು ಉಳಿಸಲು 5 ಮೀಟರ್ ನಿಖರತೆಗೆ ಕಾಯುತ್ತದೆ. ಅಡಿಕೆ ತೋಟದ ನೆರಳಿನಲ್ಲಿ, ಮಳೆಗಾಲದಲ್ಲಿ ಅದು ಬೇಗ ಸಿಗದು. ಸರ್ವೆ ಹಾಳೆಯ ಪ್ಯಾರಾಮೀಟರ್ಸ್ ಕಾಲಮ್ಮಿನಲ್ಲಿ ಕ್ಯಾಪ್ಚರ್ ಅಕ್ಯುರಸಿ 15 ಮಾಡಿ. ಬಿಂದು ಹಿಡಿಯುವುದು ಅಂಗಳದಲ್ಲಿ ನಿಂತು, ಜಗಲಿಯ ಮಾಡಿನ ಕೆಳಗಲ್ಲ. ಅದೇ ಕಾಲಮ್ಮಿನಲ್ಲಿ ಫೋಟೊಗೆ ಮ್ಯಾಕ್ಸ್ ಪಿಕ್ಸೆಲ್ಸ್ 1024 ಕೊಟ್ಟರೆ ಗಾತ್ರ ಎಂಬಿಗಳಿಂದ ಕೆಲವು ನೂರು ಕೆಬಿಗೆ ಇಳಿಯುತ್ತದೆ.

ಸೆಂಟ್ರಲ್‌ನ ಸೋಲು ಬೇರೆ ಕಡೆ. ಪಿಡಿಒ ಪರಿಶೀಲಿಸಿ, ತಾಲ್ಲೂಕು ಪಂಚಾಯಿತಿಗೆ ಕಳಿಸಿ, ಅಲ್ಲಿಂದ ಷರಾ ಬರೆದು ವಾಪಸ್ ಬರುವ ಕಡತದ ನಡೆ ಅದಕ್ಕೆ ಗೊತ್ತಿಲ್ಲ. ದಾಖಲೆಗೆ ಒಪ್ಪಿಗೆ, ತಿರಸ್ಕಾರ, ತಕರಾರು ಎಂಬ ಗುರುತು ಹಾಕಬಹುದು, ಅಷ್ಟೇ. ಐಫೋನ್ ಇದ್ದವರಿಗೆ ಕಲೆಕ್ಟ್ ಆ್ಯಪ್ ಕೂಡ ಇಲ್ಲ.

ಸ್ವಂತ ಜಾಂಗೊ ಆ್ಯಪ್ ಗೆಲ್ಲುವುದು ಇಲ್ಲೇ. ಪೋಸ್ಟ್‌ಗ್ರೆಸ್ ಮೇಲೆ ನಕ್ಷೆಯ ಬಿಂದುಗಳಿಗೆ ಪೋಸ್ಟ್‌ಜಿಐಎಸ್, ಜಾಂಗೊ ನಡೆಸಲು ಗುನಿಕಾರ್ನ್, ಹೊರಗಿನ ಕೋರಿಕೆ ಪಡೆಯಲು ಮುಂದೆ ಎಂಜಿನ್‌ಎಕ್ಸ್. ಕಚೇರಿ ಭಾಗ ಕಟ್ಟುವುದು ಸಲೀಸು. ಬೆವರಿಳಿಸುವುದು ಫೋನಿನ ಭಾಗ. ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಪುಟ ತೆರೆಸುವ ಬ್ರೌಸರ್ ಸ್ಕ್ರಿಪ್ಟ್) ಕಡತವನ್ನು ಸ್ಟ್ಯಾಟಿಕ್ ಫೋಲ್ಡರಿನಿಂದ ಕೊಟ್ಟರೆ ಅದು ಆ ಫೋಲ್ಡರನ್ನಷ್ಟೇ ಆಳುತ್ತದೆ, ಪುಟ ಆಫ್‌ಲೈನ್ ತೆರೆಯುವುದೇ ಇಲ್ಲ. ಅದನ್ನು ಸೈಟಿನ ಬೇರು (ರೂಟ್) ವಿಳಾಸದಿಂದ ಕೊಡಬೇಕು. ಎಚ್‌ಟಿಟಿಪಿಎಸ್ (ಭದ್ರ ಸಂಪರ್ಕ) ಇಲ್ಲದೆ ಸರ್ವಿಸ್ ವರ್ಕರೂ ಇಲ್ಲ, ಜಿಪಿಎಸ್ಸೂ ಇಲ್ಲ. ಬ್ರೌಸರ್ ಕೊಡುವ ಮೊದಲ ಬಿಂದು ಕಿಲೋಮೀಟರ್‌ಗಟ್ಟಲೆ ತಪ್ಪಿರಬಹುದು. ಬಿಂದುವನ್ನು ಮತ್ತೆ ಮತ್ತೆ ಪಡೆಯುವ ವಾಚ್ ಪೊಸಿಷನ್ ಬಳಸಿ ಒಳ್ಳೆಯದನ್ನು ಇಟ್ಟುಕೊಳ್ಳಬೇಕು. ಟೈಮ್‌ಔಟ್ 10 ಸೆಕೆಂಡ್ ಇಟ್ಟರೆ ಟವರ್ ಇಲ್ಲದ ಕಡೆ ಸೋಲೇ ಹೆಚ್ಚು: ನೆಟ್ ಸಹಾಯವಿಲ್ಲದೆ ಉಪಗ್ರಹದಿಂದ ಕಕ್ಷೆಯ ವಿವರ ಇಳಿಯಲೇ ಸುಮಾರು 30 ಸೆಕೆಂಡ್ ಬೇಕು. 120 ಇಡಿ.

ಕಳಿಸುವಾಗಿನ ಎಡವಟ್ಟು ಇನ್ನೂ ಇದೆ. ಎಂಜಿನ್‌ಎಕ್ಸ್ ತಾನಾಗಿ ಒಳಗೆ ಬಿಡುವುದು 1 ಎಂಬಿವರೆಗೆ ಮಾತ್ರ. ಫೋಟೊ ಸಮೇತ ಬಂದ ದಾಖಲೆಗೆ 413 (ಗಾತ್ರ ಮೀರಿದೆ) ದೋಷ ಬರುತ್ತದೆ. ಜಾಂಗೊ ಸೆಷನ್ (ಲಾಗಿನ್ ಅವಧಿ) ಎರಡು ವಾರಕ್ಕೆ ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ದಿನ ಕೂತ ದಾಖಲೆ ಲಾಗಿನ್ ಪುಟಕ್ಕೆ ಬಡಿಯುತ್ತದೆ. ಆ ಪುಟವೂ 200 (ಸರಿಯಾಯಿತು) ಎಂದೇ ಉತ್ತರಿಸುವುದರಿಂದ, 200 ಬಂತೆಂದು ಫೋನಿನ ಪ್ರತಿ ಅಳಿಸುವ ಕೋಡ್ ಬರೆದಿದ್ದರೆ ದಾಖಲೆ ಎರಡೂ ಕಡೆ ಇಲ್ಲ! ಪ್ರತಿ ದಾಖಲೆಗೆ ಫೋನಿನಲ್ಲೇ ಯುಯುಐಡಿ (ಇನ್ನೊಂದಕ್ಕೆ ಬಾರದ ಗುರುತು ಸಂಖ್ಯೆ) ಕೊಟ್ಟು, ಸರ್ವರ್ ಅದೇ ಸಂಖ್ಯೆ ವಾಪಸ್ ಹೇಳಿದಾಗ ಮಾತ್ರ ಅಳಿಸಿ. ಡೇಟಾಬೇಸಿನಲ್ಲಿ ಆ ಕಾಲಮ್ ಯೂನೀಕ್ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ) ಇದ್ದರೆ ದಿಬ್ಬದ ಮೇಲೆ ಎರಡೆರಡು ಸಲ ಒತ್ತಿದ ಸೆಂಡ್ ಬಟನ್ನಿಗೂ ಒಂದೇ ಮನೆ ಉಳಿಯುತ್ತದೆ. ಇದೆಲ್ಲ ಕಲೆಕ್ಟ್‌ನಲ್ಲಿ ಮೊದಲೇ ಬಗೆಹರಿದಿದೆ. ಹಾಗಾಗಿ ನಮ್ಮ ಆಯ್ಕೆ: ಮನೆಯಂಗಳದಲ್ಲಿ ಓಡಿಕೆ, ಕಚೇರಿಯಲ್ಲಿ ಜಾಂಗೊ, ನಡುವೆ ಸೆಂಟ್ರಲ್‌ನ ಓಡೇಟಾ (ಡೇಟಾವನ್ನು ಬೇರೆ ತಂತ್ರಾಂಶಕ್ಕೆ ಕೊಡುವ) ಕೊಂಡಿಯಿಂದ ರಾತ್ರಿ ಒಂದು ಸಲ ಎಳೆದುಕೊಳ್ಳುವ ಸ್ಕ್ರಿಪ್ಟ್.

ಕನ್ನಡದ ತರಲೆ ಯಾವ ವ್ಯವಸ್ಥೆಯಲ್ಲೂ ತಪ್ಪಿದ್ದಲ್ಲ. 'ಹೊನ್ನಪ್ಪ' ಎಂಬುದರ ಒಕಾರ ಒಂದೇ ಚಿಹ್ನೆಯಾಗಿಯೂ ಬರಬಹುದು, ಎತ್ವ ಮತ್ತು ಊಕಾರದ ಎರಡು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ಉಳಿಸುವ ಮೊದಲು ಎನ್‌ಎಫ್‌ಸಿ (ಯೂನಿಕೋಡಿನ ಕೂಡಿಸಿದ ರೂಪ) ಮಾಡಿ. ಯಾರಾದರೂ ೧೨ ಎಂದು ಕನ್ನಡ ಅಂಕಿ ಒತ್ತಿದರೆ ಪೈಥಾನ್ ಅದನ್ನು 12 ಎಂದು ಓದುತ್ತದೆ, ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಸಿಎಸ್‌ವಿ ಕಡತವನ್ನು ಬಿಒಎಂ (ಯೂನಿಕೋಡ್ ಎಂದು ತಿಳಿಸುವ ಆರಂಭದ ಗುರುತು) ಇಲ್ಲದೆ ಕೊಟ್ಟರೆ ಎಕ್ಸೆಲ್‌ನಲ್ಲಿ ಕನ್ನಡ ಚಿತ್ರಲಿಪಿಯಾಗುತ್ತದೆ. ಪಂಚಾಯಿತಿಯ ಹಳೇ ಪಟ್ಟಿ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಜೋಡಿಸಿ.

ಅಧಿಕೃತವಾಗಿ ರಾಜ್ಯ ಡೇಟಾ ಸೆಂಟರಿಗೆ ಏರಿಸುವುದಾದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯ ಲೆಕ್ಕಪರಿಶೋಧಕರಿಂದ ಭದ್ರತಾ ತಪಾಸಣೆ ಆಗಬೇಕು. ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು (ಸರ್ವರಿನ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು. ಆಧಾರ್ ಸಂಖ್ಯೆಯ ಕಾಲಮ್ಮೇ ಬೇಡ, ಕುಟುಂಬ ಗುರುತಿಸಲು ಪಡಿತರ ಚೀಟಿ ಸಂಖ್ಯೆ ಸಾಕು.

ಹೊರಡುವ ಮುನ್ನಾದಿನ ಪ್ರತಿ ಫೋನಿನಲ್ಲೂ ಏರೋಪ್ಲೇನ್ ಮೋಡ್ ಹಾಕಿ ಮೂರು ಸುಳ್ಳು ಮನೆ ತುಂಬಿಸಿ, ಫೋನ್ ಆಫ್ ಮಾಡಿ ಆನ್ ಮಾಡಿಸಿ, ಆಮೇಲೆ ನೆಟ್ ಕೊಡಿ. ಸರ್ವರಿಗೆ ಮೂರೇ ಬಂದಿರಬೇಕು, ಆರು ಫೋಟೊ ತೆರೆಯಬೇಕು. ನಂತರ ಆ ಮೂರನ್ನೂ ಅಳಿಸಿ, ಇಲ್ಲದಿದ್ದರೆ ಗ್ರಾಮ ಸಭೆಯ ಪಟ್ಟಿಯಲ್ಲಿ ಅವೂ ಕೂತಿರುತ್ತವೆ.