‘ಕೇಸ್ ರೀಓಪನ್ ಆಗಿದೆ’ ಎಂದ ಮಾತ್ರಕ್ಕೆ ಮನೆ ಖಾಲಿ ಮಾಡಬೇಡಿ

ಅಮೆರಿಕದ ಪೌರತ್ವ ಪಡೆದಿರುವ ನನ್ನ ಮಗಳು ನಮ್ಮನ್ನು ಕರೆಸಿಕೊಳ್ಳಲು ಅಲ್ಲಿನ ವಲಸೆ ಇಲಾಖೆಗೆ ನನ್ನ ಮತ್ತು ನನ್ನ ಪತ್ನಿಯ ಪರವಾಗಿ ಒಂದೊಂದು ಐ-130 ಅರ್ಜಿ ಸಲ್ಲಿಸಿದ್ದಳು. ಪತ್ನಿಯದು ಮಂಜೂರಾಯಿತು, ನನ್ನದು ತಿರಸ್ಕೃತವಾಯಿತು. ಮಗಳ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳಿದ್ದರೆ, ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಊರಿನ ಹೆಸರಾಗಿ, ತಂದೆಯ ಹೆಸರಾಗಿ ಬಿಡಿಸಿಕೊಂಡಿವೆ. ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸದ ಈ ವ್ಯತ್ಯಾಸದಿಂದಾಗಿ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬುದು ಸಾಬೀತಾಗಲಿಲ್ಲ.

ಆದೇಶದ ದಿನದಿಂದ 30 ದಿನಗಳೊಳಗೆ, ಆದೇಶ ಅಂಚೆಯಲ್ಲಿ ಬಂದಿದ್ದರೆ 33 ದಿನಗಳೊಳಗೆ, ಐ-290ಬಿ ನಮೂನೆಯಲ್ಲಿ ಹೊಸ ದಾಖಲೆಗಳನ್ನು ಲಗತ್ತಿಸಿ ಪ್ರಕರಣವನ್ನು ಮತ್ತೆ ತೆರೆಯುವಂತೆ ಕೇಳಬಹುದು. ಬೆಂಗಳೂರಿನ ಒಬ್ಬ ಏಜೆಂಟರ ನೆರವಿನಿಂದ ಹಾಗೆಯೇ ಮಾಡಿದೆವು. ಕೆಲವು ತಿಂಗಳ ನಂತರ ಆನ್‌ಲೈನಿನಲ್ಲಿ ‘ರೀಓಪನ್’ ಎಂಬ ಪದ ಕಾಣಿಸಿಕೊಂಡಿತು. ‘ಇನ್ನೇನು, ಕೆಲಸ ಆದ ಹಾಗೇ ಸಾರ್, ಮನೆ ಖಾಲಿ ಮಾಡಿಕೊಳ್ಳಿ’ ಎಂದು ಏಜೆಂಟರು ಬಾಕಿ ಶುಲ್ಕವನ್ನೂ ಪಡೆದುಕೊಂಡರು. ಹನ್ನೊಂದು ವರ್ಷಗಳಿಂದ ಭೋಗ್ಯಕ್ಕಿದ್ದ ರಾಜಾಜಿನಗರದ ಮನೆಯನ್ನು ನಾವು ಬಿಟ್ಟುಕೊಟ್ಟೆವು, ಬೀರು, ಮಂಚಗಳನ್ನೂ ಮಾರಿದೆವು.

ಆ ಪದದ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಪ್ರಕರಣ ಮತ್ತೆ ತೆರೆಯಿತು ಎಂದರೆ ಹಿಂದಿನ ತೀರ್ಮಾನ ಬದಿಗೆ ಸರಿದು ಕಡತ ಅಧಿಕಾರಿಯ ಮೇಜಿಗೆ ಮರಳಿದೆ ಎಂದಷ್ಟೇ. ಅರ್ಜಿ ಮಂಜೂರಾಗಬಹುದು, ಇನ್ನಷ್ಟು ದಾಖಲೆ ಕೇಳಬಹುದು, ಎರಡನೆಯ ಬಾರಿ ತಿರಸ್ಕೃತವೂ ಆಗಬಹುದು. ಇಲಾಖೆ ತಾನಾಗಿಯೇ ತೆರೆಯುವುದೂ ಉಂಟು, ಮಂಜೂರಾದ ಅರ್ಜಿಯನ್ನು ಕೂಡ. ಹಾಗೆ ತೆರೆದು ಪ್ರತಿಕೂಲ ತೀರ್ಮಾನ ಕೊಡುವ ಸಾಧ್ಯತೆಯಿದ್ದರೆ ನಮ್ಮ ವಾದ ಸಲ್ಲಿಸಲು 30 ದಿನ ಕೊಡಬೇಕು. ಆದ್ದರಿಂದ ಆನ್‌ಲೈನಿನ ಒಂದು ಸಾಲನ್ನು ನಂಬದೆ, ಅದರ ಹಿಂದೆ ಬರುವ ಪತ್ರವನ್ನು ಓದಬೇಕು.

ನಮಗೆ ಆ ಪತ್ರವೇ ಸಿಗಲಿಲ್ಲ. ನನ್ನ ಮಗಳು ಆ ಹೊತ್ತಿಗೆ ಮನೆ ಬದಲಾಯಿಸಿದ್ದಳು. ಹೊಸ ವಿಳಾಸವನ್ನು ಇಲಾಖೆಗೆ ತಾವೇ ತಿಳಿಸುವುದಾಗಿ ಹೇಳಿದ್ದ ಏಜೆಂಟರು ತಿಳಿಸಿರಲಿಲ್ಲ. ಅವಳ ಶಾಲಾ ದಾಖಲೆಗಳನ್ನೂ ನಾವು ತಂದೆ-ಮಗಳೆಂದು ತಿಳಿದ ಹಿರಿಯರ ಅಫಿಡವಿಟ್ಟುಗಳನ್ನೂ ಕೇಳಿದ್ದ ನೋಟೀಸು ಹಳೆಯ ವಿಳಾಸಕ್ಕೆ ಹೋಯಿತು. ಇಂಥ ನೋಟೀಸಿಗೆ ಉತ್ತರಿಸಲು ಹೆಚ್ಚೆಂದರೆ 12 ವಾರ, ಅಂಚೆಗೆಂದು ಕೆಲವು ದಿನ. ಗಡುವನ್ನು ವಿಸ್ತರಿಸುವ ಅವಕಾಶವೇ ಇಲ್ಲ. ಉತ್ತರ ಬಾರದ ಕಾರಣ ಅರ್ಜಿಯನ್ನು ಕೈಬಿಟ್ಟಿದ್ದೇವೆಂದು ಪರಿಗಣಿಸಿ ಮತ್ತೆ ತಿರಸ್ಕರಿಸಲಾಯಿತು. ಇಂಥ ತಿರಸ್ಕಾರದ ವಿರುದ್ಧ ಮೇಲ್ಮನವಿ ಇಲ್ಲ.

ಏಜೆಂಟರನ್ನು ಕೇಳಿದಾಗ, ತಾವು ನಮೂನೆ ತುಂಬಿಕೊಡುವವರು ಮಾತ್ರ ಎಂದರು. ಅದು ನಿಜವೇ. ಅಲ್ಲಿನ ವಲಸೆ ಕಾನೂನಿನಲ್ಲಿ ಸಲಹೆ ಕೊಡಬೇಕಾದವರು ಅಲ್ಲಿನ ವಕೀಲರು ಅಥವಾ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು. ಇದನ್ನು ಮೊದಲೇ ವಿಚಾರಿಸದೆ ಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಈಗ ಮಗಳು ವಕೀಲರ ಮೂಲಕ ಹೊಸ ಐ-130 ಹಾಕಿದ್ದಾಳೆ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನನ್ನ ಅಕ್ಕನ ಅಫಿಡವಿಟ್, ಎರಡೂ ಹೆಸರು ನನ್ನದೇ ಎಂಬ ಪ್ರಮಾಣಪತ್ರ, ಎಲ್ಲವನ್ನೂ ಮೊದಲೇ ಲಗತ್ತಿಸಿದ್ದೇವೆ. ನಾವು ಕೆಂಗೇರಿಯಲ್ಲಿ ತಿಂಗಳ ಬಾಡಿಗೆಯ ಮನೆಯಲ್ಲಿದ್ದೇವೆ.