ಮೊದಲು ನಮಗೆ ಪಾಠ, ಆಮೇಲೆ ಮಗನಿಗೆ: ಈ ಸೆಂಟರ್‌ಗೆ ನನ್ನ 4 ಸ್ಟಾರ್

ನನ್ನ ಮಗನಿಗೆ ಈಗ 9 ವರ್ಷ, ಮಾಡರೇಟ್ ಇಂಟೆಲೆಕ್ಚುಯಲ್ ಡಿಸಬಿಲಿಟಿ (ಮಧ್ಯಮ ಮಟ್ಟದ ಬೌದ್ಧಿಕ ಅಂಗವೈಕಲ್ಯ) ಅಂತ ರಿಪೋರ್ಟ್ ಇದೆ, ಅಸೆಸ್‌ಮೆಂಟ್ ಎಲ್ಲಾ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗಲ್ಲಿ ಮಾಡಿಸಿದ್ವಿ. ಇಂಥ ಮಕ್ಕಳಿಗೆ ಹೇಳ್ಕೊಡೋ, ಹಾಸನದಲ್ಲೇ ಇರೋ ಈ ಸೆಂಟರ್‌ಗೆ ಸೇರ್ಸಿ ಒಂದು ವರ್ಷ ಆಯ್ತು, ವಾರಕ್ಕೆ ಮೂರು ದಿನ ಸ್ಕೂಲ್ ಬಿಟ್ಟ ಮೇಲೆ ಅವನಿಗೆ, ಶನಿವಾರ ನಮಗೆ. ಹೌದು, ಅಪ್ಪ ಅಮ್ಮಂಗೆ ಕ್ಲಾಸು, ತಪ್ಪಿಸ್ಕೊಂಡ್ರೆ ಫೋನ್ ಮಾಡಿ ಕೇಳ್ತಾರೆ.

ಮೊದಲನೇ ದಿನ ಸೆಂಟರ್‌ನ ಮೇಡಂ ರಿಪೋರ್ಟನ್ನ ಪಕ್ಕಕ್ಕಿಟ್ಟು ‘ಮನೇಲಿ ಅವನು ತಾನಾಗೇ ಏನೇನು ಮಾಡ್ಕೋತಾನೆ ಹೇಳಿ’ ಅಂದ್ರು. ನನಗೆ ಒಂದೂ ಹೇಳಕ್ಕಾಗಲಿಲ್ಲ. ಹಲ್ಲುಜ್ಜೋದು ನಾನು, ಬಟ್ಟೆ ಹಾಕೋದು ಅವರಪ್ಪ, ತುತ್ತಿಡೋದು ನಮ್ಮತ್ತೆ. ಅವನಿಗೆ ಬರಲ್ಲ ಅಂತ ನಾವು ಮಾಡ್ತಿದ್ವಾ, ನಾವು ಮಾಡ್ತಿದ್ದಿದ್ದಕ್ಕೆ ಅವನಿಗೆ ಬರಲಿಲ್ವಾ ಅಂತ ಅವತ್ತು ರಾತ್ರಿಯೆಲ್ಲ ಯೋಚ್ನೆ.

ಶುರು ಮಾಡಿದ್ದು ಪ್ಯಾಂಟಿಂದ. ಮಂಡಿವರೆಗೂ ನಾವು ಏರಿಸ್ಬೇಕು, ಅಲ್ಲಿಂದ ಸೊಂಟಕ್ಕೆ ಎಳ್ಕೊಳೋದು ಮಾತ್ರ ಅವನಿಗೆ, ಅದು ಬಂದ್ಮೇಲೆ ಪಾದ ತೂರ್ಸಿ ಬಿಡೋದು, ಕೊನೆಗೆ ಪ್ಯಾಂಟ್ ಕೈಗೆ ಕೊಟ್ಟು ಸುಮ್ನಿರೋದು. ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ ಇದಕ್ಕೆ. ಕೊನೇ ಹೆಜ್ಜೆ ಅವನದೇ ಆಗಿರೋದ್ರಿಂದ ಮೊದಲ ದಿನದಿಂದಲೇ ‘ನಾನೇ ಹಾಕ್ಕೊಂಡೆ’ ಅಂತ ಚಪ್ಪಾಳೆ ಹೊಡ್ಕೋತಿದ್ದ. ಆರು ವಾರ ಹಿಡೀತು.

ಊಟದ ವಿಷ್ಯದಲ್ಲಿ ಕಷ್ಟ ಆಗಿದ್ದು ಅತ್ತೆಗೆ. ‘ಮಗು ಒದ್ದಾಡ್ತಿದ್ರೆ ನೋಡ್ಕೊಂಡು ಹೆಂಗಮ್ಮ ಕೂರ್ಲಿ’ ಅಂತ ಅಳೋರು. ಒಂದು ಶನಿವಾರ ಅವರನ್ನೂ ಕರ್ಕೊಂಡು ಹೋದೆ. ಮೇಡಂ ಅವರ ಪಕ್ಕದಲ್ಲೇ ಕೂತು ‘ಅಜ್ಜಿ, ಒಂದ್ಸಲ ಹೇಳಿ, ಮನಸ್ಸಲ್ಲೇ ಹತ್ತು ಎಣ್ಸಿ, ಆಮೇಲೂ ಆಗ್ಲಿಲ್ಲ ಅಂದ್ರೆ ಮೊಣಕೈ ಹತ್ರ ಸ್ವಲ್ಪ ತಳ್ಳಿ ಸಾಕು, ಕೈ ಹಿಡೀಬೇಡಿ’ ಅಂತ ಮಾಡಿ ತೋರ್ಸಿದ್ರು. ಈಗ ಮುದ್ದೆ ಮುರಿದು ಸಾರಲ್ಲಿ ಅದ್ದಿ ಅವನೇ ನುಂಗ್ತಾನೆ, ಅರ್ಧ ಸಾರು ಶರ್ಟ್ ಮೇಲೆ, ಇರ್ಲಿ ಬಿಡಿ, ಒಗ್ದ್ರೆ ಹೋಗತ್ತೆ.

ಸ್ಕೂಲ್ ವಿಷ್ಯ ಹೇಳ್ಲೇಬೇಕು. ಮುಂಚೆ ಇದ್ದ ಒಂದು ಪ್ರೈವೇಟ್ ಸ್ಕೂಲಲ್ಲಿ ಎರಡು ವರ್ಷ ಕೊನೇ ಬೆಂಚಲ್ಲಿ ಕೂರ್ಸಿ ಬೋರ್ಡ್ ನೋಡಿ ಬರ್ಸಿದ್ದೇ ಬಂತು, ನೋಟ್‌ಬುಕ್ ತುಂಬಾ ಅಕ್ಷರ, ಒಂದು ಪದಾನೂ ಓದಕ್ಕೆ ಬರಲ್ಲ. ಆಮೇಲೆ ‘ಬೇರೆ ಕಡೆ ನೋಡ್ಕೊಳಿ’ ಅಂದ್ರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಇರೋ ಮಗುಗೆ 6ರಿಂದ 18 ವರ್ಷದ ತನಕ ಹತ್ತಿರದ ಸ್ಕೂಲಲ್ಲೋ ಸ್ಪೆಷಲ್ ಸ್ಕೂಲಲ್ಲೋ ಉಚಿತ ಶಿಕ್ಷಣದ ಹಕ್ಕಿದೆ, ಯಾವುದು ಬೇಕು ಅನ್ನೋದು ನಮಗೆ ಬಿಟ್ಟಿದ್ದು, ಇದನ್ನ ನಮಗೆ ಹೇಳಿದ್ದೇ ಈ ಸೆಂಟರ್‌ನೋರು. ಮನೆ ಹತ್ರದ ಸರ್ಕಾರಿ ಶಾಲೆಗೆ ಸೇರ್ಸಿದ್ವಿ, ಮೇಡಂ ಅಲ್ಲಿಗೇ ಬಂದು ಕ್ಲಾಸ್ ಟೀಚರ್ ಜೊತೆ ಕೂತು ಐಇಪಿ, ಅಂದ್ರೆ ಅವನೊಬ್ಬನಿಗೆ ಅಂತಲೇ ಕಲಿಕೆಯ ಪ್ಲಾನ್, ಬರೆದ್ರು, ಮೂರು ತಿಂಗಳಿಗೆ ಮೂರೇ ಗುರಿ. ಬಿಆರ್‌ಸಿಯಿಂದ (ಬ್ಲಾಕ್ ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗೆ ಅಂತ ಬರೋ ಬಿಐಇಆರ್‌ಟಿ ಟೀಚರ್‌ಗೂ ಒಂದು ಕಾಪಿ. ಕ್ಲಾಸಲ್ಲಿ ಬೇರೆ ಮಕ್ಕಳು ಕಳೆಯೋ ಲೆಕ್ಕ ಮಾಡ್ತಿದ್ರೆ ಇವನು ಹತ್ತು ಬೀಜದಲ್ಲಿ ಮೂರು ತೆಗೆದಿಟ್ಟು ಉಳಿದಿದ್ದು ಎಣಿಸ್ತಾನೆ, ಅದೇ ಪಾಠ, ಅವನ ಮಟ್ಟಕ್ಕೆ. ಒಂದ್ಸಲಕ್ಕೆ ಒಂದೇ ಮಾತು ಹೇಳೋದು ಅಂತ ಟೀಚರ್ ಒಪ್ಕೊಂಡಿದ್ದಾರೆ, ಪಕ್ಕದಲ್ಲಿ ಕೂರೋ ಹುಡುಗಿ ಅಂತೂ ಟೀಚರ್‌ಗಿಂತ ಚೆನ್ನಾಗಿ ಹೇಳ್ಕೊಡ್ತಾಳೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಹೆಲ್ತ್ ಇನ್ಶೂರೆನ್ಸ್ ಎರಡಕ್ಕೂ ಅರ್ಜಿ ತುಂಬಕ್ಕೆ ಇವರೇ ಹೆಲ್ಪ್ ಮಾಡಿದ್ರು. ನಿರಾಮಯದಲ್ಲಿ 1 ಲಕ್ಷದವರೆಗೆ ಕವರ್, ಸೇರೋ ಮುಂಚೆ ಮೆಡಿಕಲ್ ಟೆಸ್ಟ್ ಇಲ್ಲ, ಗೊತ್ತಿಲ್ದೇ ಇರೋರು ವಿಚಾರ್ಸಿ.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ, ಸ್ಪೀಚ್ ಥೆರಪಿಸ್ಟ್ ಬರೋದು ವಾರಕ್ಕೆ ಒಂದೇ ದಿನ, ಅವತ್ತು ರಜೆ ಬಂದ್ರೆ ಹೋಯ್ತು. ಸೆಂಟರ್ ಇರೋದು ಮೊದಲನೇ ಮಹಡೀಲಿ, ವ್ಹೀಲ್‌ಚೇರ್ ಮಕ್ಕಳನ್ನ ಅಪ್ಪಂದಿರು ಎತ್ಕೊಂಡು ಹತ್ತೋದು ನೋಡಿದ್ರೆ ಸಂಕಟ ಆಗತ್ತೆ, ದಯವಿಟ್ಟು ಕೆಳಗೆ ಜಾಗ ನೋಡಿ. ಇನ್ನೊಂದು, ಅಕ್ಕ ತಂಗಿ ಅಣ್ಣ ತಮ್ಮಂದಿರಿಗೆ ಅಂತ ಏನೂ ಇಲ್ಲ. ನನ್ನ ಮಗಳಿಗೆ 12 ವರ್ಷ, ‘ನನ್ನ ಡ್ಯಾನ್ಸ್‌ಗೆ ಯಾರೂ ಬರ್ಲಿಲ್ಲ, ಅವನು ಶರ್ಟ್ ಗುಂಡಿ ಹಾಕಿದ್ರೆ ಮಾತ್ರ ಎಲ್ಲಾ ಚಪ್ಪಾಳೆ’ ಅಂದ್ಲು ಒಂದಿನ. ಅವಳು ಹೇಳಿದ್ದು ನಿಜ. ಈಗ ಭಾನುವಾರ ಸಂಜೆ ಅವಳಿಗೆ ಅಂತಲೇ ಇಟ್ಟಿದೀನಿ, ಆದ್ರೆ ಇದನ್ನೂ ಶನಿವಾರದ ಕ್ಲಾಸಲ್ಲಿ ಮಾತಾಡ್ಬೇಕು ಅಂತ ಮೇಡಂಗೆ ಹೇಳಿದೀನಿ.

ಫೀಸು ತಿಂಗಳಿಗೆ 3,500, ಆಗ್ದೇ ಇರೋರಿಗೆ ಕಮ್ಮಿ ಮಾಡ್ತಾರೆ, ಕೇಳಕ್ಕೆ ಸಂಕೋಚ ಬೇಡ. ಸೇರ್ಸೋ ಮುಂಚೆ ಒಂದು ಶನಿವಾರ ಹತ್ತೂವರೆಗೆ ಹೋಗಿ ಕೂತು ನೋಡಿ, ಮನೇಲಿ ಅಜ್ಜಿ ತಾತ ಇದ್ರೆ ಅವರನ್ನೂ ಕರ್ಕೊಂಡು ಹೋಗಿ.