ಉಪ್ಪುಗಾಳಿ ಮನೆಯ ವೈರಿಂಗ್: ಎರಡೆರಡು ಸಾಮಾನು ಪಕ್ಕಪಕ್ಕ ಇಟ್ಟು ನೋಡಿದಾಗ

ಉಳ್ಳಾಲ, ಮಲ್ಪೆ, ಮರವಂತೆ, ಕಾರವಾರದಂಥ ಊರುಗಳಲ್ಲಿ ಕಡಲಿಗೆ ಮುಖಮಾಡಿದ ಮನೆಯ ವೈರಿಂಗ್ ಕೆಡುವ ರೀತಿಯೇ ಬೇರೆ. ಬಿಚ್ಚಿ ನೋಡಿದರೆ ವೈರಿನ ಮೈ ಹೊಸದರಂತೆ ಇರುತ್ತದೆ, ತುದಿಯ ತಾಮ್ರ ಮಾತ್ರ ಕಪ್ಪಾಗಿ ಕಿಲುಬು ಹಿಡಿದಿರುತ್ತದೆ. ಕಾರಣ ಉಪ್ಪು. ಶುದ್ಧ ಉಪ್ಪು ನೀರೊಡೆಯಲು ಗಾಳಿಯಲ್ಲಿ ಸುಮಾರು 75% ತೇವ ಬೇಕು. ಕಡಲ ಉಪ್ಪಿನ ಜೊತೆ ಬರುವ ಮೆಗ್ನೀಸಿಯಂ ಕ್ಲೋರೈಡಿಗೆ 33% ಸಾಕು. ಹಾಗಾಗಿ ಮಳೆ ನಿಂತ ಮೇಲೂ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪೊರೆ ಉಳಿದೇ ಇರುತ್ತದೆ. ಅದು ಲೋಹವನ್ನು ತಿನ್ನುತ್ತದೆ, ಕರೆಂಟನ್ನೂ ಹರಿಸುತ್ತದೆ. ಆದ್ದರಿಂದ ಇಲ್ಲಿ ಕಂಪನಿಗಳನ್ನು ಹೋಲಿಸಿಲ್ಲ. ಐಎಸ್‌ಐ ಗುರುತಿನ ಎರಡು ಕಂಪನಿಗಳ ವೈರಿನ ನಡುವೆ ಇರುವ ವ್ಯತ್ಯಾಸಕ್ಕಿಂತ ಒಂದೇ ವೈರಿನ ಎರಡು ಬಗೆಯ ಜಾಯಿಂಟಿನ ನಡುವಿನ ವ್ಯತ್ಯಾಸ ಕಡಲತಡಿಯಲ್ಲಿ ಬಹಳ ದೊಡ್ಡದು. ದುಡ್ಡು ಹೋಗಬೇಕಾದ್ದು ಜಾಯಿಂಟಿಗೆ, ಸ್ಕ್ರೂವಿಗೆ, ಅರ್ಥಿಂಗಿಗೆ.

ಗೋಡೆ ಬಾಕ್ಸ್: ಜಿಐ ಮತ್ತು ಪಿವಿಸಿ

ಕೆಂಪುಕಲ್ಲಿನ ಗೋಡೆ ಕೊರೆದು ಕೂರಿಸಲು ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಬಾಕ್ಸ್ ಅನುಕೂಲ. ಗಾರೆ ಹಚ್ಚುವಾಗ ಒತ್ತಿದರೂ ಸೊಟ್ಟಗಾಗದು. ಆದರೆ ಪೈಪಿಗಾಗಿ ತೂತು ಒಡೆದ ಅಂಚಿನಲ್ಲಿ ಮತ್ತು ಸ್ಕ್ರೂ ಕೂರುವ ಕಿವಿಯ ಮರೆಯಲ್ಲಿ ಸತುವಿನ ಲೇಪವೇ ಇರುವುದಿಲ್ಲ. ತುಕ್ಕು ಅಲ್ಲಿಂದಲೇ ಶುರು. ತುಕ್ಕು ಉಬ್ಬಿದಂತೆ ಸುತ್ತಲಿನ ಗಾರೆ ಸೀಳುತ್ತದೆ, ಪ್ಲೇಟು ಗೋಡೆಯಿಂದ ಎದ್ದು ನಿಲ್ಲುತ್ತದೆ, ಬಿಚ್ಚಲು ಹೋದರೆ ಸ್ಕ್ರೂ ಕಿವಿಯೊಳಗೇ ಮುರಿಯುತ್ತದೆ. ಗಾರೆಗೆ ಕಡಲ ಹೊಯಿಗೆ ಬೆರೆಸಿದ್ದರೆ ಬಾಕ್ಸನ್ನು ಹೊರಗಿನಿಂದಲೂ ಉಪ್ಪು ತಿನ್ನುತ್ತದೆ.

ಪಿವಿಸಿ ಬಾಕ್ಸಿಗೆ ಈ ರೋಗವಿಲ್ಲ. ಅದರ ದೋಷಗಳು ಬೇರೆ. ಗಾರೆಯ ಒತ್ತಡಕ್ಕೆ ಬದಿಗಳು ಒಳಗೆ ಬಾಗುತ್ತವೆ, ಸ್ಕ್ರೂ ಅತಿಯಾಗಿ ಬಿಗಿದರೆ ಕಿವಿ ಒಡೆಯುತ್ತದೆ. ಮೊದಲನೆಯದಕ್ಕೆ ಒಳಗೆ ಥರ್ಮೋಕೋಲ್ ತುಂಡು ತುಂಬಿ ಗಾರೆ ಮಾಡಿಸಿದರೆ ಆಯಿತು. ಎರಡನೆಯದಕ್ಕೆ ಕಿವಿಯಲ್ಲಿ ಹಿತ್ತಾಳೆ ನಟ್ಟು ಕೂರಿಸಿದ ಬಾಕ್ಸನ್ನೇ ಕೇಳಿ ತರಬೇಕು. ಪ್ಲಾಸ್ಟಿಕ್ ಬಾಕ್ಸಿಗೆ ಅರ್ಥ್ ಬೇಡವೆಂದು ಸಾಕೆಟ್‌ಗೂ ಅರ್ಥ್ ವೈರ್ ಎಳೆಯದೆ ಬಿಡುವವರಿದ್ದಾರೆ. ಇದು ಜೀವಕ್ಕೆ ಅಪಾಯ. ಪ್ರತಿ ಸಾಕೆಟ್‌ನ ದೊಡ್ಡ ಪಿನ್ನಿಗೆ ಹಸಿರು ವೈರ್ ಬರಲೇಬೇಕು. ಹೊರಗೋಡೆ, ಬಚ್ಚಲು, ಪಡುವಣ ಕೋಣೆಗಳಿಗೆ ಪಿವಿಸಿಯೇ ಸರಿ. ಒಳಗಿನ ಗೋಡೆಗೆ ಜಿಐ ಹಾಕಲೇಬೇಕೆಂದರೆ ಕತ್ತರಿಸಿದ ಅಂಚುಗಳಿಗೆ ಸತುವಿನ ಪೇಂಟ್ ಬಳಿದು ಹಾಕಿ.

ಹೊರಗಿನ ಬಾಕ್ಸ್: ಪೂರ್ತಿ ಮುಚ್ಚಿದ್ದು ಮತ್ತು ತಳಕ್ಕೆ ತೂತಿರುವುದು

ಗೇಟಿನ ದೀಪ, ಬಾವಿ ಪಂಪು, ಎಸಿಯ ಹೊರಘಟಕಕ್ಕೆ ಐಪಿ65 (ದೂಳು, ನೀರಿನ ಸಿಡಿತ ಒಳಬಿಡದ ದರ್ಜೆಯ) ಬಾಕ್ಸ್ ತಂದು, ಎಲ್ಲ ಸಂದಿಗೂ ಸಿಲಿಕೋನ್ ಹಚ್ಚಿ ಮುಚ್ಚುವುದು ರೂಢಿ. ಆದರೆ ಪೈಪಿನ ಮೂಲಕ ಬಾಕ್ಸ್ ಉಸಿರಾಡುತ್ತಲೇ ಇರುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಆ ತೇವ ಹನಿಯಾಗಿ ತಳದಲ್ಲಿ ನಿಲ್ಲುತ್ತದೆ, ಹೋಗಲು ದಾರಿಯಿಲ್ಲ. ಅದೇ ಬಾಕ್ಸಿಗೆ ತೀರಾ ತಳದಲ್ಲಿ 5 ಮಿ.ಮೀ. ತೂತು ಕೊರೆದು, ವೈರುಗಳನ್ನೆಲ್ಲ ಕೆಳಗಿನಿಂದ ಗ್ಲ್ಯಾಂಡ್ (ವೈರನ್ನು ಬಿಗಿಹಿಡಿದು ಸಂದಿ ಮುಚ್ಚುವ ಬಿರಡೆ) ಮೂಲಕ ತಂದರೆ ಒಳಗೆ ನೀರು ನಿಲ್ಲುವುದಿಲ್ಲ. ಕಾಗದದ ಮೇಲಿನ ಐಪಿ ದರ್ಜೆ ಇದರಿಂದ ಕಡಿಮೆಯಾಗುತ್ತದೆ ನಿಜ, ಆದ್ದರಿಂದ ಬಾಕ್ಸ್ ಮಾಡಿನ ಇಳಿಜಾರಿನ ಅಡಿಯಲ್ಲಿ, ನೀರು ಕೆಳಗಿನಿಂದ ಸಿಡಿಯದಷ್ಟು ಎತ್ತರದಲ್ಲಿರಬೇಕು. ಮೇಲ್ಭಾಗದಲ್ಲಿ ಮಾತ್ರ ಯಾವ ತೂತೂ ಬೇಡ. ವೈರು ಒಳಹೋಗುವ ಮೊದಲು ಒಂದು ಬಳುಕು ಕೆಳಗಿಳಿದು ಮೇಲೇರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪಾಲಿಕಾರ್ಬೊನೇಟ್ ಬಾಕ್ಸ್ ಕೊಳ್ಳುವಾಗ ಬಿಸಿಲು ತಡೆಯುವ ಬಗೆಯದೇ ಎಂದು ನೋಡಿ. ಸಾದಾ ಪ್ಲಾಸ್ಟಿಕ್ ಹಳದಿಗಟ್ಟಿ ಪೆಡಸಾಗುತ್ತದೆ.

ಸ್ಕ್ರೂ

ಅಂಗಡಿಯಲ್ಲಿ ಸಿಗುವ ಬಿಳಿ, ಹಳದಿ ಲೇಪದ ಸ್ಕ್ರೂಗಳ ಸತುವಿನ ದಪ್ಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ಐಎಸ್‌ಒ 9223 ಮಾನದಂಡ ಹೇಳುವ ಸಿ5 ವರ್ಗದ, ಅಂದರೆ ಲೋಹವನ್ನು ತೀರಾ ಹೆಚ್ಚು ತಿನ್ನುವ ಗಾಳಿಯಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಲೆಕ್ಕ ಅಲ್ಲಿಗೆ ಮುಗಿಯಿತು. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ಕಂದು ಕಲೆ ಹಿಡಿದರೂ ಗಟ್ಟಿ ನಿಲ್ಲುತ್ತದೆ. 316ರಲ್ಲಿ 2ರಿಂದ 3% ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಕುಳಿ ಬೀಳುವುದು ಕಡಿಮೆ. ಮನೆಯೊಳಗೆ 304, ಕಡಲಿಗೆ ನೇರ ತೆರೆದ ಗೋಡೆಗೆ 316. ಅಲ್ಯೂಮಿನಿಯಂ ದೀಪದ ಚೌಕಟ್ಟಿಗೆ ಎಸ್‌ಎಸ್ ಸ್ಕ್ರೂ ಹಾಕುವುದಾದರೆ ನೈಲಾನ್ ವಾಷರ್ ಮತ್ತು ಗ್ರೀಸ್ ಬೇಕೇ ಬೇಕು, ಇಲ್ಲವಾದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂ ಕಚ್ಚಿಕೊಳ್ಳುತ್ತದೆ.

ಜಾಯಿಂಟ್: ತಿರುಚಿ ಟೇಪು, ಸ್ಟ್ರಿಪ್ ಕನೆಕ್ಟರ್, ಲಿವರ್ ಕನೆಕ್ಟರ್, ಕ್ರಿಂಪ್

ತಿರುಚಿ ಟೇಪು ಸುತ್ತಿದ ಜಾಯಿಂಟ್ ಕಡಲತಡಿಯಲ್ಲಿ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಸೆಖೆಗೆ ಟೇಪಿನ ಅಂಟು ಸಡಿಲವಾಗಿ, ಪದರಗಳ ನಡುವೆ ತೇವ ಒದ್ದೆ ಬಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ಎಳೆಗಳ ಸಂದಿಯಲ್ಲಿ ಹೀರಿಕೊಂಡು ಇನ್ಸುಲೇಶನ್‌ನ ಒಳಗೂ ಹೋಗುತ್ತದೆ. ಆಮೇಲೆ ಹೊಸ ಜಾಯಿಂಟ್ ಹಾಕುವಾಗ ಒಂದು ಗೇಣು ಕತ್ತರಿಸಿದರೂ ಕಪ್ಪು ತಾಮ್ರವೇ ಸಿಗುವುದುಂಟು.

ಸ್ಟ್ರಿಪ್ ಕನೆಕ್ಟರ್ (ವೈರನ್ನು ಸ್ಕ್ರೂವಿನಿಂದ ಬಿಗಿಯುವ ಪಟ್ಟಿ) ಇದಕ್ಕಿಂತ ಮೇಲು, ಆದರೆ ಸ್ಕ್ರೂ ನೇರವಾಗಿ ಎಳೆಗಳ ಮೇಲೆ ಕೂತು ಕೆಲವನ್ನು ಕತ್ತರಿಸುತ್ತದೆ. ವೈರಿನ ತುದಿಗೆ ಪಿನ್ ಲಗ್ (ಕಡ್ಡಿಯಾಕಾರದ ಲೋಹದ ಟೊಪ್ಪಿ) ಒತ್ತಿ ಹಾಕಿದರೆ ಈ ತೊಂದರೆ ಇಲ್ಲ. ತುದಿಗೆ ಬೆಸುಗೆ ಸೀಸ ಹಚ್ಚಿ ಸ್ಕ್ರೂ ಬಿಗಿಯುವುದು ಮಾತ್ರ ಬೇಡ. ಸೀಸ ಒತ್ತಡಕ್ಕೆ ಮೆಲ್ಲಗೆ ಜಾರುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗಿ ಬಿಸಿಯೇಳುತ್ತದೆ. ಲಿವರ್ ಕನೆಕ್ಟರಿನಲ್ಲಿ ಸ್ಪ್ರಿಂಗ್ ಸದಾ ಒತ್ತಿ ಹಿಡಿದಿರುವುದರಿಂದ ಸಡಿಲವಾಗದು, ಕೆಲಸವೂ ಬೇಗ. ಒಳಗಿನ ಒಣ ಬಾಕ್ಸಿಗೆ ಇದೇ ಅತ್ಯುತ್ತಮ. ಗಾಳಿಗೆ ಬಾಯಿ ತೆರೆದಿರುವುದರಿಂದ ಹೊರಗೆ ಸಲ್ಲದು.

ಹೊರಗೆ ನಿಲ್ಲುವುದು ಕ್ರಿಂಪ್ (ಲೋಹದ ಲಗ್ಗಿನಲ್ಲಿ ವೈರಿಟ್ಟು ಟೂಲಿನಿಂದ ಒತ್ತಿ ಕೂಡಿಸುವುದು) ಮತ್ತು ಒಳಮೈಗೆ ಅಂಟು ಹಚ್ಚಿದ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಟ್ಯೂಬ್. ಮೊದಲು ಹೊಳೆಯುವ ತಾಮ್ರ ಕಾಣುವವರೆಗೆ ತುದಿ ಕತ್ತರಿಸಿ. 2.5 ಚದರ ಮಿ.ಮೀ. ವೈರಿಗೆ ಅದೇ ಅಳತೆಯ ಲಗ್ ತನ್ನಿ, ಒಂದು ಅಳತೆ ದೊಡ್ಡದು ತಂದರೆ ಒತ್ತು ಕೂರದು. ರ್‍ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಬೇಕು. ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿದರೆ ಒಳಗೆ ಸಂದಿ ಉಳಿದು, ಉಪ್ಪು ಅಲ್ಲೇ ಕೂರುತ್ತದೆ. ಟ್ಯೂಬನ್ನು ಎರಡೂ ತುದಿಯಲ್ಲಿ ಅಂಟು ಹೊರಜಿನುಗುವವರೆಗೆ ಕಾಯಿಸಿ. ಜಿನುಗದಿದ್ದರೆ ಒಳಗೆ ಮುಚ್ಚಿಲ್ಲವೆಂದೇ ಅರ್ಥ.

ದೋಣಿಗಳಲ್ಲಿ ಬಳಸುವ ತವರ ಲೇಪದ ತಾಮ್ರದ ವೈರು ಇನ್ನೂ ಚೆನ್ನಾಗಿ ತಾಳುತ್ತದೆ, ಬೆಲೆಯೂ ಹೆಚ್ಚು. ಇಡೀ ಮನೆಗೆ ಅದರ ಅಗತ್ಯವಿಲ್ಲ. ಗೇಟು, ತಾರಸಿ, ಪಂಪಿನ ಸಾಲಿಗೆ ಹಾಕಿದರೆ ಹಾಕಿದ ದುಡ್ಡು ಸಾರ್ಥಕ.

ಮೀಟರ್ ಬೋರ್ಡಿನ ಕಡೆ ಒಂದು ಮಾತು. ಸರ್ವಿಸ್ ವೈರು ಅಲ್ಯೂಮಿನಿಯಂ ಆಗಿ, ಮನೆಯದು ತಾಮ್ರವಾಗಿದ್ದರೆ ಎರಡನ್ನೂ ನೇರ ಕೂಡಿಸಬಾರದು. ಉಪ್ಪಿನ ಪೊರೆಯಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಒಂದು ತುದಿ ಅಲ್ಯೂಮಿನಿಯಂ, ಇನ್ನೊಂದು ತುದಿ ತಾಮ್ರವಿರುವ ಬೈಮೆಟಲ್ ಲಗ್ ಬೇಕು. ಕಂಬದಿಂದ ಮೀಟರಿನವರೆಗಿನ ಭಾಗವನ್ನು ಮೆಸ್ಕಾಂ ಅಥವಾ ಹೆಸ್ಕಾಂನವರೇ ಮುಟ್ಟಬೇಕು.

ಅರ್ಥಿಂಗ್: ಜಿಐ ಪೈಪು ಮತ್ತು ತಾಮ್ರ ಲೇಪದ ರಾಡು

ಅರ್ಥಿಂಗಿನ ಭಾರತೀಯ ಮಾನದಂಡ ಐಎಸ್ 3043ರ ಪ್ರಕಾರ ನೆಲದಲ್ಲಿ ಹೂಳುವ ಪೈಪು 2.5 ಮೀಟರಿಗಿಂತ ಗಿಡ್ಡ ಇರಬಾರದು. ಹಳೆಯ ಪದ್ಧತಿಯಲ್ಲಿ ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಮೊದಲ ವರ್ಷ ಓಮ್ (ಕರೆಂಟಿಗೆ ನೆಲ ಒಡ್ಡುವ ತಡೆಯ ಅಳತೆ) ಕಡಿಮೆ ಬರುತ್ತದೆ, ಆದರೆ ಉಪ್ಪು ಸತುವನ್ನು ತಿನ್ನುತ್ತದೆ, ಇದ್ದಿಲು ಅದನ್ನು ಇನ್ನೂ ವೇಗಗೊಳಿಸುತ್ತದೆ. ಮೇಲೆ ಗಟ್ಟಿ ಕಾಣುವ ಪೈಪು ಮಣ್ಣಿನೊಳಗೆ ತೂತಾಗಿರುತ್ತದೆ. ತೇವ ಹಿಡಿದಿಡುವ ಬೆಂಟೋನೈಟ್ ಜೇಡಿಮಣ್ಣು ತುಂಬುವುದು ಎಷ್ಟೋ ಮೇಲು. ತಾಮ್ರ ಲೇಪದ ರಾಡು ಕೊಳ್ಳುವಾಗ ಲೇಪ 250 ಮೈಕ್ರಾನ್ ಇದೆಯೇ ಎಂದು ಕೇಳಿ. ತೆಳು ಲೇಪದ್ದು ಹೊಡೆಯುವಾಗಲೇ ಗೀರಿ, ಒಳಗಿನ ಉಕ್ಕು ತೆರೆದುಕೊಳ್ಳುತ್ತದೆ.

ಹೊಯಿಗೆ ನೆಲದಲ್ಲಿ ಕೆಳಗೆ ಸದಾ ನೀರು ಸಿಗುವುದರಿಂದ ರಾಡೇ ಸರಿ, ಉದ್ದ ಜಾಸ್ತಿಯಾದಷ್ಟೂ ಒಳ್ಳೆಯದು. ಕೆಂಪುಕಲ್ಲಿನ ಗುಡ್ಡೆಯಲ್ಲಿ ರಾಡು ಇಳಿಯುವುದಿಲ್ಲ. ಅಲ್ಲಿ ಗುಂಡಿ ತೋಡಿ ಪೈಪನ್ನು ಬೆಂಟೋನೈಟ್ ಜೊತೆ ಕೂರಿಸಬೇಕು. ಒಂದರಲ್ಲಿ ಸಾಲದಿದ್ದರೆ ಎರಡನೆಯದನ್ನು ಕನಿಷ್ಠ 5 ಮೀಟರ್ ದೂರದಲ್ಲಿ ಹಾಕಿ. ಅಳೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಜುಲೈಯ ಒದ್ದೆ ನೆಲದಲ್ಲಿ 3 ಓಮ್ ಬಂದರೆ ಅದನ್ನು ನಂಬಬಾರದು. ರಾಡಿನ ಹತ್ತಿರ ಜಿಐ ನೀರಿನ ಪೈಪು ಹೂತಿದ್ದು, ಎರಡಕ್ಕೂ ಅರ್ಥ್ ವೈರಿನ ಸಂಬಂಧವಿದ್ದರೆ ತಾಮ್ರಕ್ಕಾಗಿ ಪೈಪು ಸವೆಯುತ್ತದೆ. ಅಲ್ಲಿ ಜಿಐಯೇ ಇರಲಿ.

ಆರ್‌ಸಿಸಿಬಿ ಒಂದೇ, ಅಥವಾ ಸಾಲಿಗೊಂದು ಆರ್‌ಸಿಬಿಒ

ಕರೆಂಟು ಅರ್ಥಿಗೆ ಸೋರಿದರೆ ತಾನಾಗಿ ಬಿದ್ದು ಸಾಲು ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಇಡೀ ಮನೆಗೆ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಗ್ಗ. ಆದರೆ ಅದು 15 ಮಿಲಿಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಮಳೆಗಾಲದಲ್ಲಿ ಗೇಟಿನ ದೀಪ, ಪಂಪು, ಗೀಸರಿನ ಸಣ್ಣ ಸಣ್ಣ ಸೋರಿಕೆ ಕೂಡಿ ಅಲ್ಲಿಗೆ ತಲುಪುತ್ತದೆ, ಫ್ರಿಜ್ ಕೂಡ ಆರುತ್ತದೆ. ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸಿಬಿಡುವುದು ಅತ್ಯಂತ ಅಪಾಯದ ಪರಿಹಾರ. ಹೊರಗಿನ ಸಾಲು, ಪಂಪು, ಫ್ರಿಜ್‌ಗೆ ಬೇರೆ ಬೇರೆ ಆರ್‌ಸಿಬಿಒ (ಸೋರಿಕೆಗೂ ಅತಿ ಕರೆಂಟಿಗೂ ಬೀಳುವ ಸ್ವಿಚ್) ಹಾಕಿದರೆ ಕೆಟ್ಟ ಸಾಲು ಮಾತ್ರ ಬೀಳುತ್ತದೆ. ಖರ್ಚು ಹೆಚ್ಚಾದರೂ ಕಡಲ ಬದಿಯ ಮನೆಗೆ ಇದೇ ಯೋಗ್ಯ.

ಒಂದೇ ಆರ್‌ಸಿಸಿಬಿ ಇರುವಲ್ಲಿ ಎಂಸಿಬಿ (ಅತಿ ಕರೆಂಟಿಗೆ ಬೀಳುವ ಸಾಲಿನ ಸ್ವಿಚ್) ಎಲ್ಲ ಇಳಿಸಿದರೂ ಅದು ಬೀಳುತ್ತಿದ್ದರೆ ನ್ಯೂಟ್ರಲ್ ಅರ್ಥಿಗೆ ತಾಗಿದೆಯೇ ಎಂದು ಮೊದಲು ನೋಡಿ. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ಲನ್ನು ಕಡಿಯುವುದಿಲ್ಲ. ಮೇನ್ ಇಳಿಸಿ, ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರು ಬಿಚ್ಚಿ, ಎಲ್‌ಇಡಿ ದೀಪ, ಇನ್ವರ್ಟರ್, ಸರ್ಜ್ ಪ್ರೊಟೆಕ್ಟರ್ ಕಳಚಿಟ್ಟು 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಉಪಕರಣ) ಅರ್ಥಿಗೆ ಅಳೆಯಿರಿ. 1 ಮೆಗಾಓಮ್‌ಗಿಂತ ಕೆಳಗಿದ್ದ ಸಾಲನ್ನು ಹಿಡಿದು ಹೊರಗಿನ ಬಾಕ್ಸ್‌ವರೆಗೆ ಹೋದರೆ ಬಹುಪಾಲು ಹಸಿರುಗಟ್ಟಿದ ಟೇಪು ಜಾಯಿಂಟೇ ಸಿಗುತ್ತದೆ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಮನೆಯವರು ಮಾಡಬೇಕಾದ್ದು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುವುದು. ಒತ್ತಿದಾಗ ಬೀಳದ ಆರ್‌ಸಿಸಿಬಿಯನ್ನು ಅಂದೇ ಬದಲಿಸಬೇಕು.